ಇಲ್ಲದ ಅಜ್ಜಿಯನ್ನು ಮಾರಿದವಳು

ಶಿವಗಂಗಾ ನಮ್ಮ ಮನೆಗೆ ಬಂದರೆ ಮೊದಲು ಸೀರೆಯ ಗಂಟು ಇಳಿಸುತ್ತಾಳೆ, ಆಮೇಲೆ ನೀರು ಕೇಳುತ್ತಾಳೆ, ಆಮೇಲೆ ನಾನು ಉಟ್ಟ ಸೀರೆಯನ್ನು ಬೈಯುತ್ತಾಳೆ. ಈ ಕ್ರಮ ತಪ್ಪಿದ್ದನ್ನು ನಾನು ಕಂಡಿಲ್ಲ. ನಾರಾಯಣಗೂಡದ ನಮ್ಮ ಹಳೇ ಕಟ್ಟಡಕ್ಕೆ ಲಿಫ್ಟಿಲ್ಲ. ಅಷ್ಟು ದೊಡ್ಡ ಗಂಟು ತಲೆಯ ಮೇಲೆ ಹೊತ್ತು ಮಹಡಿ ಹತ್ತಿ ಬಂದವಳಿಗೆ ಏದುಸಿರು ಬರಬೇಕು, ಬರುವುದಿಲ್ಲ. ನನಗೆ ಬರಿಗೈಯಲ್ಲಿ ಹತ್ತಿದರೂ ಬರುತ್ತದೆ. ಈ ಒಂದು ಕಾರಣಕ್ಕೆ ಅವಳ ಮೇಲೆ ನನಗೆ ಮೊದಲಿನಿಂದ ಸ್ವಲ್ಪ ಹೊಟ್ಟೆಕಿಚ್ಚಿದೆ. ಅದು ಅವಳಿಗೆ ಗೊತ್ತು, ಗೊತ್ತಿರುವುದರಿಂದ ಅವಳಿಗೆ ಖುಷಿಯೂ ಇದೆ.

ನಾನು ಸುಮತಿ. ಶಾಲೆಯಲ್ಲಿ ಹಿಂದಿ ಕಲಿಸಿ ನಿವೃತ್ತಳಾದವಳು. ನನ್ನ ಗಂಡ ಗೋಪಿನಾಥರು ಬ್ಯಾಂಕಿನಿಂದ ನಿವೃತ್ತರಾದರು, ನಾಟಕದಿಂದ ಆಗಲಿಲ್ಲ. ನಾವಿಬ್ಬರೂ ರಾಯಚೂರಿನ ಕಡೆಯವರು. ಹೈದರಾಬಾದಿಗೆ ಬಂದು ತಲೆಗೂದಲು ಬೆಳ್ಳಗಾದರೂ ಮನೆಯೊಳಗಿನ ಜಗಳ ಇನ್ನೂ ರಾಯಚೂರಿನ ಕನ್ನಡದಲ್ಲೇ ನಡೆಯುತ್ತದೆ.

ಶಿವಗಂಗಾಳ ಊರು ಗುರುಮಠಕಲ್ಲಿನ ಹತ್ತಿರ. ಮದುವೆಯಾದ ಹೊಸತರಲ್ಲಿ ಗಂಡ ಬೂದೆಪ್ಪನ ಬೆನ್ನು ಹತ್ತಿ ಇಲ್ಲಿಗೆ ಬಂದಳು. ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಬೂದೆಪ್ಪ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸಕ್ಕೆ ನಿಂತ, ಇವಳು ಇಟ್ಟಿಗೆ ಹೊತ್ತಳು. ಅಂಥ ಒಂದು ಕಟ್ಟಡದಲ್ಲಿ ಈಗ ನಮ್ಮ ನಾಟಕದ ಹುಡುಗಿ ಗಾನವಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ. ಗಾನವಿ ಸಿಕ್ಕಾಗಲೆಲ್ಲ ಶಿವಗಂಗಾ, ನಾನು ಕಟ್ಟಿದ ಗೋಡೆ ಗಟ್ಟಿ ಇದೆಯಾ ಎಂದು ವಿಚಾರಿಸುತ್ತಾಳೆ. ಬಾಡಿಗೆ ಕೊಟ್ಟ ಮನೆಯ ಯಜಮಾನಿಯ ಗತ್ತು ಆ ಪ್ರಶ್ನೆಯಲ್ಲಿರುತ್ತದೆ.

ಇಟ್ಟಿಗೆ ಹೊರುವ ಕೆಲಸವನ್ನು ಅವಳು ಬಿಟ್ಟದ್ದು ಭಾರಕ್ಕಲ್ಲ. ಇಟ್ಟಿಗೆಯ ಜೊತೆ ಮಾತಾಡಲು ಬರುವುದಿಲ್ಲ, ಅದಕ್ಕೆ. ದಿನವಿಡೀ ಬಾಯಿ ಮುಚ್ಚಿಕೊಂಡಿರುವುದು ಅವಳ ಜಾಯಮಾನವಲ್ಲ. ಹೈದರಾಬಾದಿನ ಮದೀನಾ ಬಜಾರಿನ ಹೋಲ್‌ಸೇಲ್ ಅಂಗಡಿಯಲ್ಲಿ ಒಂದು ಗಂಟು ಸೀರೆ ಕಟ್ಟಿಸಿಕೊಂಡು ಬಸ್ಸು ಹತ್ತಿದಳು. ತಾಂಡೂರಿನಿಂದ ನಾರಾಯಣಪೇಟೆಯವರೆಗಿನ ಹಳ್ಳಿಗಳು ಅವಳ ಸಾಮ್ರಾಜ್ಯವಾದವು. ಆ ಕಡೆ ಅರ್ಧ ಜನ ತೆಲುಗಿನವರು, ಅರ್ಧ ಜನ ಕನ್ನಡದವರು, ಬೈಯುವಾಗ ಎಲ್ಲರಿಗೂ ಎರಡೂ ಬರುತ್ತದೆ. ತೆಲಂಗಾಣದಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ ಆದಮೇಲೆ ಅವಳು ಇನ್ನಷ್ಟು ಹಳ್ಳಿಗಳನ್ನು ಗೆದ್ದಳು. ಬಸ್ಸು ಎಲ್ಲಿಯವರೆಗೆ ಪುಕ್ಕಟೆಯೋ ಅಲ್ಲಿಯವರೆಗೆ ಅವಳ ರಾಜ್ಯ.

ಅವಳು ಸೀರೆ ಮಾರುವ ರೀತಿಯನ್ನು ನೋಡಬೇಕು. ಗಂಟು ಬಿಚ್ಚುವುದೇ ಇಲ್ಲ. ಕಟ್ಟೆಯ ಮೇಲೆ ಕುಳಿತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದೂರಿನ ಯಾರೋ ಸೊಸೆ ಇಂಥದೇ ಸೀರೆ ಉಟ್ಟು ತವರಿಗೆ ಹೋದಾಗ ಏನಾಯಿತು ಎಂದು ಶುರುಮಾಡುತ್ತಾಳೆ. ಕಥೆ ಅರ್ಧಕ್ಕೆ ಬಂದಾಗ, ಎಲ್ಲಿ ಆ ಸೀರೆ ತೋರಿಸು ಎಂದು ಹೆಂಗಸರೇ ಗಂಟಿಗೆ ಕೈ ಹಾಕಬೇಕು. ಅಲ್ಲಿಯವರೆಗೆ ಅವಳಿಗೆ ಅವಸರವೇ ಇಲ್ಲ.

ಇನ್ನು ನಮ್ಮ ನಾಟಕದ ಕಥೆ. ಗೋಪಿನಾಥರು ಬರೆದ ನಾಟಕದ ಹೆಸರು ‘ಕೆಟ್ಟು ನಿಂತ ನಿಬ್ಬಣ’. ಮದುವೆಗೆ ಹೊರಟ ಬೀಗರ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತದೆ. ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು ಒಂದೇ ಬೇವಿನ ಮರದ ನೆರಳಿಗೆ ಸೇರಬೇಕಾಗುತ್ತದೆ. ಅಲ್ಲಿಂದ ಮುಂದೆ ಜಗಳವೋ ಜಗಳ, ಕೊನೆಗೆ ನಗು. ಮದುಮಗಳು ಮೈಸೂರಿನ ಗಾನವಿ. ಬಸ್ಸಿನ ಡ್ರೈವರ್ ಉಡುಪಿಯ ಋಷಭ್, ಮಣಿಕೊಂಡದಲ್ಲಿ ರೂಮು ಮಾಡಿಕೊಂಡಿರುವ ಇಂಜಿನಿಯರ್. ಹೆಣ್ಣಿನ ಅಪ್ಪನ ಪಾತ್ರ ಸ್ವತಃ ನಾಟಕಕಾರರದು. ಬಣ್ಣ, ಬಟ್ಟೆ, ಸಿಟ್ಟು ಇಳಿಸುವುದು ನನ್ನದು. ನಾಟಕ ಚೆನ್ನಾಗಿಯೇ ಇತ್ತು, ಗಂಡ ಬರೆದದ್ದು ಎಂದು ಹೇಳುತ್ತಿಲ್ಲ. ಆದರೆ ಆಡಿದ್ದೆಲ್ಲ ಹೈದರಾಬಾದಿನ ಕನ್ನಡಿಗರ ಸಭೆಗಳಲ್ಲಿ, ಪ್ರತಿ ಸಲವೂ ಅದೇ ಮುಖಗಳ ಮುಂದೆ. ಅವರಲ್ಲಿ ಅರ್ಧ ಜನರ ಕಣ್ಣು ನಾಟಕದ ಮೇಲೆ, ಉಳಿದವರ ಮೂಗು ಊಟದ ಮೇಲೆ.

ಹಳ್ಳಿಗಳಿಗೆ ಹೋಗಬೇಕು ಎಂದು ಗೋಪಿನಾಥರಿಗೆ ಹುಚ್ಚು ಹತ್ತಿತು. ಋಷಭ್ ನಾಟಕದ ತುಣುಕುಗಳನ್ನು ಸೇರಿಸಿ ಚೆಂದದ ವಿಡಿಯೋ ಮಾಡಿದ. ಫಂಕ್ಷನ್ ಹಾಲಿನ ಮಾಲೀಕರಿಗೆ, ಹೆಡ್‌ಮಾಸ್ತರರಿಗೆ, ಯುವಕ ಸಂಘದವರಿಗೆ ವಾಟ್ಸಾಪಿನಲ್ಲಿ ಕಳಿಸಿದ. ಕೈಮುಗಿದ ಚಿತ್ರಗಳು ಬಂದವು, ಗುಲಾಬಿ ಹೂವಿನ ಶುಭೋದಯಗಳು ಬಂದವು. ಒಬ್ಬ ಮಾಲೀಕ ಡಿಜೆ ಇದೆಯಾ ಎಂದು ಕೇಳಿದ. ನಾಟಕ ಬೇಕು ಎಂದವರು ಯಾರೂ ಇಲ್ಲ. ಗೋಪಿನಾಥರು ಫೋನನ್ನು ಮಗುಚಿ ಹಾಕಿ ಬಾಲ್ಕನಿಯಲ್ಲಿ ಕೂರತೊಡಗಿದರು. ಹಾಗೆ ಕೂತ ಗಂಡಸರನ್ನು ನೋಡಲು ನನಗೆ ಆಗುವುದಿಲ್ಲ.

ಒಂದು ಭಾನುವಾರ ನಮ್ಮ ಹಾಲಿನಲ್ಲಿ ತಾಲೀಮು ನಡೆದಿತ್ತು. ಸೀರೆ ತಂದಿದ್ದ ಶಿವಗಂಗಾ ಮೂಲೆಯಲ್ಲಿ ಕುಳಿತು ಪೂರ್ತಿ ನೋಡಿದಳು. ಎದ್ದು ಸೆರಗು ಕೊಡವಿ ಗೋಪಿನಾಥರ ಮುಂದೆ ನಿಂತಳು.

"ಮಾಲು ಛಲೋ ಐತಿ ಸರ್. ನಿಮಗ ಮಾರಾಕ ಬರಂಗಿಲ್ಲ. ನನ್ನ ಕೈಯಾಗ ಕೊಡ್ರಿ."

ಗೋಪಿನಾಥರು ನಕ್ಕರು. ಅವಳು ನಗಲಿಲ್ಲ. ಧನುರ್ಮಾಸ ಬರುತ್ತಿದೆ, ಮದುವೆಗಳಿಲ್ಲ, ಆ ರಸ್ತೆಯ ಫಂಕ್ಷನ್ ಹಾಲುಗಳೆಲ್ಲ ಸಂಕ್ರಾಂತಿಯವರೆಗೆ ಖಾಲಿ ಬಿದ್ದಿರುತ್ತವೆ, ಮಾಲೀಕರು ನೊಣ ಹೊಡೆಯುತ್ತ ಕೂತಿರುತ್ತಾರೆ ಎಂದು ವಿವರಿಸಿದಳು. ಮದುವೆ ಇಲ್ಲದ ತಿಂಗಳಲ್ಲಿ ಮದುವೆಯ ನಾಟಕ. ಆದರೆ ಮಾಲೀಕರನ್ನು ಮೊದಲು ಕೇಳಬಾರದು, ಹೆಂಗಸರ ಸಂಘವನ್ನು ಕೇಳಬೇಕು. ಸಂಘದವರು ಹೂಂ ಎಂದರೆ ಮಾಲೀಕ ತಾನೇ ಬೀಗದಕೈ ಹಿಡಿದು ಬರುತ್ತಾನೆ. ಗೋಪಿನಾಥರು ನನ್ನ ಮುಖ ನೋಡಿದರು. ಕೊಡಿ, ಕಳೆದುಕೊಳ್ಳುವುದಕ್ಕೆ ನಿಮ್ಮ ಹತ್ತಿರ ಏನಿದೆ ಎಂದೆ. ಆ ಮಾತಿಗೆ ಅವರು ಎರಡು ದಿನ ಮುನಿಸಿಕೊಂಡರು.

ಮೊದಲ ಸಲ ಅವಳ ಜೊತೆ ನಾನೂ ಹೋದೆ. ನಾರಾಯಣಪೇಟೆಯ ಆಚೆಗಿನ ಹಿರೇಕುಂಟ ಎಂಬ ಹಳ್ಳಿ. ಸಂಘದ ಅಧ್ಯಕ್ಷೆ ಬಂಡೆಮ್ಮನ ಅಂಗಳದಲ್ಲಿ ಹೆಂಗಸರು ತೊಗರಿ ಹಸನು ಮಾಡುತ್ತ ಕೂತಿದ್ದರು. ಬಂಡೆಮ್ಮ ಎಂದರೆ ದೊಡ್ಡ ಕುಂಕುಮ, ಸಣ್ಣ ಕಣ್ಣು, ಕಡಿಮೆ ಮಾತು. ಶಿವಗಂಗಾ ನಾಟಕದ ಕಥೆಯನ್ನು ಗೋಪಿನಾಥರು ಹೇಳಿಕೊಟ್ಟ ಹಾಗೆ, ಒಂದಕ್ಷರ ಬಿಡದೆ ಒಪ್ಪಿಸಿದಳು. ಕುಟುಂಬ ಮೌಲ್ಯ ಎಂಬ ಮಾತು ಕೂಡ ಬಂತು. ಒಬ್ಬಳು ಆಕಳಿಸಿದಳು, ಅದು ಸಾಲಾಗಿ ಕೊನೆಯವರೆಗೂ ಹೋಯಿತು. ಬಂಡೆಮ್ಮ ತೊಗರಿಯಿಂದ ಕಣ್ಣೆತ್ತಲಿಲ್ಲ. ಬಸ್ಸಿನ ಹೊತ್ತಾಯಿತು, ಎದ್ದು ಬಂದೆವು. ದಾರಿಯುದ್ದಕ್ಕೂ ಶಿವಗಂಗಾ ಮಾತಾಡಲಿಲ್ಲ. ಅವಳು ಮಾತಾಡದೆ ಕೂತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ, ಗಾಬರಿಯಾಯಿತು.

ಮುಂದಿನ ವಾರ ಒಬ್ಬಳೇ ಹೋದಳು. ಸಂಜೆ ಫೋನ್ ಬಂತು, ಹಿರೇಕುಂಟ ಆಯಿತು ಎಂದಳು. ಅಷ್ಟೇ ಅಲ್ಲ, ಆಮೇಲೆ ಹೋದ ಪ್ರತಿ ಊರಿನಿಂದಲೂ ನಾಟಕ ಕುದುರಿಸಿಕೊಂಡೇ ಬಂದಳು. ಋಷಭ್ ಮಾಡಿಸಿದ ಪೋಸ್ಟರುಗಳನ್ನು ಗೋಡೆಗೆ ಅಂಟಿಸುವ ಗೋಜಿಗೇ ಹೋಗಲಿಲ್ಲ. ಮಾರಿದ ಪ್ರತಿ ಸೀರೆಯನ್ನೂ ಅದರಲ್ಲಿ ಸುತ್ತಿ ಕೊಟ್ಟಳು. ಗೋಡೆಯ ಮೇಲಿನದನ್ನು ಆಡು ತಿನ್ನುತ್ತದೆ, ಸೀರೆಗೆ ಸುತ್ತಿದ್ದನ್ನು ಮನೆಮಂದಿಯೆಲ್ಲ ಬಿಚ್ಚಿ ನೋಡುತ್ತಾರೆ ಎಂಬುದು ಅವಳ ವಾದ. ಗೋಪಿನಾಥರು ಸ್ನಾನದ ಮನೆಯಲ್ಲಿ ಹಾಡತೊಡಗಿದರು. ಅಂಥದ್ದೇನು ಹೇಳಿ ಮಾರುತ್ತೀ ಎಂದು ಅವರು ಕೇಳಿದರೆ, ಮಾರುವವರ ಗುಟ್ಟು ಕೇಳಬಾರದು ಸರ್ ಎಂದು ಜಾರಿಕೊಂಡಳು. ನನಗೆ ಆಗಲೇ ಅನುಮಾನ ಬರಬೇಕಿತ್ತು. ಕೇಳಿದರೆ ಗಂಡ ಹಾಡುವುದನ್ನು ನಿಲ್ಲಿಸಿಯಾರು ಎಂದು ನಾನೂ ಸುಮ್ಮನಿದ್ದೆ.

ಹಿರೇಕುಂಟದ ಫಂಕ್ಷನ್ ಹಾಲಿನ ಮಾಲೀಕರು ವೀರಭದ್ರಪ್ಪ ಎಂಬವರು. ಆಟಕ್ಕೆ ಒಂದು ವಾರ ಇದೆ ಎನ್ನುವಾಗ ಅವರ ಫೋನ್ ಬಂತು. ಗೋಪಿನಾಥರು ಸ್ಪೀಕರಿಗೆ ಹಾಕಿ ಮಾತಾಡುತ್ತಿದ್ದರು, ಗೌರವದ ಮಾತು ನನಗೂ ಕೇಳಲಿ ಎಂದು.

"ಸರ್, ಚಂದ್ರವ್ವನ ಪಾರ್ಟ್ ಮಾಡೋ ಅಮ್ಮಾರಿಗೆ ನಮ್ಮ ಮನಿಯಾಗ ಊಟಕ್ಕ ಹೇಳೀವಿ. ಊರಿನ ಹೆಣ್ಣಮಕ್ಕಳೆಲ್ಲ ಅಕಿನ್ನ ನೋಡಾಕ ಬರಾಕತ್ತಾರ್ರಿ."

ಗೋಪಿನಾಥರು ಆಗಲಿ ಆಗಲಿ ಎಂದು ಫೋನ್ ಇಟ್ಟರು. ಆಮೇಲೆ ನನ್ನನ್ನು ಕೇಳಿದರು, ಯಾರು ಈ ಚಂದ್ರವ್ವ ಎಂದು. ನಮ್ಮ ನಾಟಕದಲ್ಲಿ ಚಂದ್ರವ್ವ ಎಂಬುವಳು ಇರಲೇ ಇಲ್ಲ.

ಶಿವಗಂಗಾಳನ್ನು ಕರೆಸಿದೆವು. ಬೂದೆಪ್ಪನೂ ಜೊತೆಗೆ ಬಂದ. ಅವಳು ಗಂಟು ಇಳಿಸಿ, ನೀರು ಕುಡಿದು, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ಎರಡನೇ ಸಲ ಹಿರೇಕುಂಟಕ್ಕೆ ಹೋದಾಗ ಹೆಂಗಸರು ಮತ್ತೆ ಆಕಳಿಸಲು ಬಾಯಿ ತೆರೆದಿದ್ದರಂತೆ. ಇವಳಿಗೆ ರೇಗಿತು. ಬಸ್ಸಿನ ಹಿಂದಿನ ಸೀಟಿನಲ್ಲಿ ಮದುಮಗನ ಅಜ್ಜಿಯೊಬ್ಬಳನ್ನು ಕೂರಿಸಿಬಿಟ್ಟಳು. ಆ ಅಜ್ಜಿಗೆ ಕಿಟಕಿ ಪಕ್ಕದ ಸೀಟೇ ಬೇಕು, ಯಾರು ಕೂತಿದ್ದರೂ ಎಬ್ಬಿಸುತ್ತಾಳೆ. ಹೆಂಗಸರು ನಕ್ಕರು. ಅಜ್ಜಿಗೆ ಚಂದ್ರವ್ವ ಎಂದು ಹೆಸರಿಟ್ಟಳು. ಮುಂದಿನ ಊರಿನಲ್ಲಿ ಚಂದ್ರವ್ವ ಡ್ರೈವರನಿಗೆ ತೆಲುಗಿನಲ್ಲಿ ಬೈದಳು. ಅದರ ಮುಂದಿನ ಊರಿನಲ್ಲಿ ಬೀಗರ ಬುತ್ತಿ ಬಿಚ್ಚಿ ಎಲ್ಲರಿಗೂ ಹಂಚಿದಳು. ಕೊನೆಯ ಊರಿಗೆ ಬರುವಷ್ಟರಲ್ಲಿ ಮದುಮಗಳಿಗಿಂತ ಚಂದ್ರವ್ವನ ಮಾತೇ ಹೆಚ್ಚಾಗಿತ್ತು. ಊರೂರಿನ ಹೆಂಗಸರು ದುಡ್ಡು ಸೇರಿಸಿ ನಾಟಕ ಗೊತ್ತು ಮಾಡಿದ್ದು ಗೋಪಿನಾಥರು ಬರೆದ ನಿಬ್ಬಣವನ್ನಲ್ಲ, ಇವಳು ಹುಟ್ಟಿಸಿದ ಮುದುಕಿಯನ್ನು.

ಗೋಪಿನಾಥರ ಕಿವಿ ಕೆಂಪಾಯಿತು. ನಾಟಕವೆಂದರೆ ಸೀರೆಯಲ್ಲ, ಕೇಳಿದವರಿಗೆಲ್ಲ ಅಂಚು ಬದಲಿಸಿ ಕೊಡುವುದಕ್ಕೆ ಎಂದು ಕೂಗಾಡಿದರು. ಒಂದು ಮಾತನ್ನೂ ಸೇರಿಸುವುದಿಲ್ಲ, ಇದ್ದದ್ದನ್ನು ಇದ್ದ ಹಾಗೆ ಆಡುತ್ತೇವೆ, ನೋಡುವವರು ನೋಡಲಿ ಎಂದರು. ಶಿವಗಂಗಾ, ಮುದುಕಿಯಿಲ್ಲದ ನಿಬ್ಬಣವನ್ನು ನಾನೆಲ್ಲೂ ನೋಡಿಲ್ಲ ಎಂದು ಒಮ್ಮೆ ಹೇಳಿ ನೋಡಿದಳು. ಅವರು ಇನ್ನೂ ಜೋರಾದರು. ಅವಳು ಗಂಟು ಎತ್ತಿಕೊಂಡು ಹೊರಟಳು. ನಾನು ಹಿಂದೆಯೇ ಮೆಟ್ಟಿಲವರೆಗೆ ಹೋದೆ.

ಅಲ್ಲಿ ನಿಂತು ಅವಳು ಮೆಲ್ಲಗೆ ಹೇಳಿದಳು, "ಅಕ್ಕಾರ, ಆ ರಸ್ತೆದಾಗ ನನಗ ಅಂಗಡಿ ಇಲ್ಲ, ಬೋರ್ಡು ಇಲ್ಲ. ನನ್ನ ಮಾತೇ ನನ್ನ ಅಂಗಡಿ. ಚಂದ್ರವ್ವ ಬರಲಿಲ್ಲಂದ್ರ ಶಿವಗಂಗಿ ಸುಳ್ಳಿ ಅಂತ ಎಲ್ಲಾ ಊರಿಗೂ ಗೊತ್ತಾಗತೈತಿ. ನಾಳೆ ನನ್ನ ಸೀರಿ ಯಾರು ಮುಟ್ಟತಾರ?"

ಅವಳ ಕಣ್ಣಲ್ಲಿ ನೀರಿತ್ತು. ಅವಳು ಸುಳ್ಳು ಹೇಳಿದ್ದು ನಿಜ, ಆದರೆ ಹೇಳಿದ್ದು ನಮಗಾಗಿ. ಒಳಗೆ ಬಂದವಳೇ ನಾನು ಗೋಪಿನಾಥರ ಮೇಲೆ ಮುಗಿಬಿದ್ದೆ. ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಮರುದಿನ ಬೆಳಗ್ಗೆ ಅವರು ಹಿಂದಿನ ಸೀಟಿನ ಅಜ್ಜಿಗೆ ನಾಲ್ಕು ಮಾತು ಬರೆದಿದ್ದರು. ನಾಲ್ಕೇ ನಾಲ್ಕು, ಅದಕ್ಕಿಂತ ಒಂದೂ ಹೆಚ್ಚಿಲ್ಲ ಎಂದರು.

ಸಂಜೆಯ ತಾಲೀಮಿಗೆ ಶಿವಗಂಗಾ, ಬೂದೆಪ್ಪ ಇಬ್ಬರನ್ನೂ ಕರೆಸಿದೆವು. ಈಗ ಆ ಪಾತ್ರ ಮಾಡುವವರು ಯಾರು? ಗಾನವಿ ಬೆಳ್ಳಗಿನ ವಿಗ್ ಹಾಕಿಕೊಂಡು ಆಡಿ ತೋರಿಸಿದಳು. ಹುಡುಗಿ ಒಳ್ಳೆಯ ನಟಿ, ಆದರೆ ಬಾಯಿ ತೆರೆದರೆ ಅಜ್ಜಿ ಮೈಸೂರಿನಿಂದ ನೇರ ಬಂದು ಇಳಿದ ಹಾಗಿತ್ತು. ಅವಳು ಅಜ್ಜಿಯಾದರೆ ಮದುಮಗಳು ಯಾರು ಎಂಬ ಪ್ರಶ್ನೆ ಬೇರೆ. ನನ್ನನ್ನು ನಿಲ್ಲಿಸಿದರು. ನಾನು ಮಾತಾಡಿದರೆ ಮಕ್ಕಳೆಲ್ಲ ಪುಸ್ತಕ ತೆಗೆಯಬೇಕು ಎನಿಸುತ್ತದೆ ಎಂದು ಋಷಭ್ ನಕ್ಕ. ಉಳಿದವಳು ಶಿವಗಂಗಾ ಒಬ್ಬಳೇ. ಎಲ್ಲರೂ ಅವಳ ಕಡೆ ತಿರುಗಿದಾಗ ಅವಳ ಮುಖ ಬಿಳಿಚಿತು.

ಊರೂರಿಗೆ ಕಥೆ ಹೇಳಿ ಮಾರುವ ಹೆಂಗಸಿಗೆ ಎದ್ದು ನಿಂತು ನಾಲ್ಕು ಜನರ ಮುಂದೆ ಮಾತಾಡಲು ಬರುವುದಿಲ್ಲ ಎಂಬುದು ಅವತ್ತು ಬಯಲಾಯಿತು. ಕಟ್ಟೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತರೆ ಅವಳಂಥ ಮಾತುಗಾರ್ತಿ ಇಲ್ಲ. ನಿಲ್ಲಿಸಿ, ದೂರದಿಂದ ನೋಡಿದರೆ, ಬಾಯಿ ಒಣಗುತ್ತದೆ. ಗೋಪಿನಾಥರ ನಾಲ್ಕು ಮಾತನ್ನು ಬಸ್ಸಿನ ಬೋರ್ಡು ಓದಿದ ಹಾಗೆ ಓದಿದಳು. ಬೂದೆಪ್ಪ ಬಾಗಿಲಲ್ಲಿ ನಿಂತು ನೋಡಿದ, ಮನೆಯಲ್ಲಿ ಇವಳು ಹೀಗೆ ಸುಮ್ಮನಾಗುವುದನ್ನು ಕಾಣಲು ಇಷ್ಟು ವರ್ಷ ಕಾದಿದ್ದೆ ಎಂದ. ಅವಳು ಅವನಿಗೆ ತಿರುಗಿ ಬೈಯಲಿಲ್ಲ. ಆಗ ಪರಿಸ್ಥಿತಿ ಎಷ್ಟು ಕೆಟ್ಟಿದೆ ಎಂದು ನಮಗೆಲ್ಲ ಅರ್ಥವಾಯಿತು.

ಭಾನುವಾರ ಮಧ್ಯಾಹ್ನದ ಆಟ. ವೀರಭದ್ರಪ್ಪನವರ ಹಾಲಿನ ವೇದಿಕೆಯಲ್ಲಿ ಮದುಮಕ್ಕಳು ಕೂರುವ ಬಂಗಾರ ಬಣ್ಣದ ಜೋಡಿ ಸಿಂಹಾಸನವಿತ್ತು. ನೆಲಕ್ಕೆ ಸಿಮೆಂಟಿನಿಂದ ಕೂರಿಸಿದ್ದು, ತೆಗೆಯಲು ಬರುವುದಿಲ್ಲ. ಹಾಗಾಗಿ ನಮ್ಮ ಡ್ರೈವರ್ ಋಷಭ್ ಸಿಂಹಾಸನದ ಮೇಲೆ ಕೂತು ಬಸ್ಸು ಓಡಿಸಬೇಕಾಯಿತು. ಅವನು ಸ್ಟೇರಿಂಗ್ ಹಿಡಿದು ಕೂತ ಕೂಡಲೇ ಜನ ನಕ್ಕರು. ಹಾಲು ತುಂಬಿತ್ತು. ಮುಂದಿನ ಸಾಲುಗಳಲ್ಲೆಲ್ಲ ಹೆಂಗಸರು, ನಡುವೆ ಬಂಡೆಮ್ಮ. ಬೂದೆಪ್ಪ ಒಂದು ಕಂಬಕ್ಕೆ ಆತುಕೊಂಡು ನಿಂತಿದ್ದ. ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಬಿಳಿ ವಿಗ್ ಹಾಕಿ, ಇಳಕಲ್ ಸೀರೆ ಉಡಿಸಿ, ಹಿಂದಿನ ಬೆಂಚಿನ ಮೇಲೆ ಕೂರಿಸಿದ್ದ ಶಿವಗಂಗಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುವುದು ಅಲ್ಲಿಂದಲೇ ಕಾಣುತ್ತಿತ್ತು.

ನಾಟಕ ಶುರುವಾಯಿತು, ಬಸ್ಸು ಕೆಟ್ಟಿತು, ಬೀಗರ ಜಗಳ ಹತ್ತಿತು. ಜನ ನಗುತ್ತಿದ್ದರು, ಆದರೆ ಕಣ್ಣೆಲ್ಲ ಹಿಂದಿನ ಬೆಂಚಿನ ಮೇಲೆ. ಅಜ್ಜಿಯ ಮೊದಲ ಮಾತಿನ ಹೊತ್ತು ಬಂತು. ಶಿವಗಂಗಾ ಎದ್ದು ನಿಂತಳು. ಬಾಯಿ ತೆರೆದಳು. ಏನೂ ಬರಲಿಲ್ಲ. ಗೋಪಿನಾಥರು ಪಿಸುಮಾತಿನಲ್ಲಿ ಆ ಮಾತನ್ನು ಹೇಳಿಕೊಟ್ಟರು, ಅದೂ ಕಿವಿಗೆ ಹೋಗಲಿಲ್ಲ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮುಗಿಯಿತು, ಅವಳ ರಸ್ತೆ ಮುಗಿಯಿತು ಎಂದುಕೊಂಡೆ.

ಆಗ ಮುಂದಿನ ಸಾಲಿನಿಂದ ಬಂಡೆಮ್ಮನ ದನಿ ಬಂತು.

"ಯಾಕಬೇ ಚಂದ್ರವ್ವಾ, ನಿನಗ ಕಿಟಕಿ ಸೀಟು ಸಿಗಲಿಲ್ಲೇನು?"

ಶಿವಗಂಗಾ ದನಿ ಬಂದ ಕಡೆ ನೋಡಿದಳು. ಬಂಡೆಮ್ಮನನ್ನು ಕಂಡಳು. ಅವಳ ಭುಜ ಇಳಿದದ್ದು ನನಗೆ ಕಾಣಿಸಿತು. ಬೆಂಚು ಬಿಟ್ಟು ನೇರ ವೇದಿಕೆಯ ಅಂಚಿಗೆ ಬಂದಳು. ಇಳಕಲ್ ಸೀರೆಯನ್ನು ಸರಿಮಾಡಿಕೊಂಡು, ಕಾಲು ಇಳಿಬಿಟ್ಟು, ಹೆಂಗಸರ ಮುಂದೆ ಕೂತುಬಿಟ್ಟಳು.

"ಎಲ್ಲಿ ಸಿಗತೈತಿ ತಂಗಿ, ಈ ಬೀಗರು ಮದಲ ಟವಲ್ ಹಾಕಿ ಇಟ್ಟಾರ," ಎಂದು ಗೋಪಿನಾಥರ ಕಡೆ ಹೆಬ್ಬೆರಳು ತೋರಿಸಿದಳು.

ಹಾಲು ಗೊಳ್ಳೆಂದಿತು. ಅಲ್ಲಿಂದ ಮುಂದೆ ಅವಳನ್ನು ಹಿಡಿಯುವವರು ಯಾರೂ ಇರಲಿಲ್ಲ. ಡ್ರೈವರನಿಗೆ ತೆಲುಗಿನಲ್ಲಿ ಬೈದಳು. ಸಿಂಹಾಸನದ ಮೇಲೆ ಕೂತವನಿಗೆ ಬಸ್ಸು ಓಡಿಸಲು ಹೇಗೆ ಬರುತ್ತದೆ ಎಂದು ಕೇಳಿದಳು. ಋಷಭ್ ನಗು ತಡೆಯಲಾರದೆ ಸ್ಟೇರಿಂಗಿನ ಕೆಳಗೆ ಬಾಗಿದ. ಮದುಮಗಳಾದ ಗಾನವಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಈ ಹುಡುಗಿ ದೂರದಿಂದ ಬಂದಾಳ, ಇಕಿ ಮಾತು ನನಗ ತಿಳಿಯಂಗಿಲ್ಲ, ನಗು ತಿಳೀತೈತಿ ಎಂದು ಹೆಂಗಸರಿಗೆ ಪರಿಚಯ ಮಾಡಿಸಿದಳು.

ಹೆಣ್ಣಿನ ಅಪ್ಪನ ವೇಷದಲ್ಲಿ ಗೋಪಿನಾಥರು ನಡುವೆ ನಿಂತಿದ್ದರು. ತಾಲೀಮಿನಲ್ಲಿ ಯಾರಾದರೂ ‘ಆದರೆ’ ಎಂಬಲ್ಲಿ ‘ಆದರೂ’ ಎಂದರೆ ಮತ್ತೆ ಮೊದಲಿನಿಂದ ಹೇಳಿಸುವ ಮನುಷ್ಯ. ಚಂದ್ರವ್ವ ತಿರುಗಿ, ಬೀಗರೇ ನಿಮ್ಮ ಮಾತು ಮುಗಿಯಿತೇ, ನಾನು ಮಾತಾಡಲೇ ಎಂದು ಕೇಳಿದಳು. ಅವರು ಬರೆದ ನಾಟಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅವರು ಪಂಚೆ ಎತ್ತಿ ಕಟ್ಟಿಕೊಂಡರು.

"ಮುಗದಿಲ್ಲ ಅಜ್ಜಿ. ಆದ್ರ ನಿಮ್ಮ ಮುಂದ ನನ್ನ ಮಾತು ಯಾರು ಕೇಳ್ತಾರ?" ಎಂದು ಹೇಳಿ, ಅವಳ ಪಕ್ಕದಲ್ಲಿ ತಾವೂ ಕಾಲು ಇಳಿಬಿಟ್ಟು ಕೂತರು.

ಹೆಂಗಸರು ಚಪ್ಪಾಳೆ ತಟ್ಟಿದರು. ನಾನೂ ಪರದೆಯ ಹಿಂದೆ ತಟ್ಟಿದೆ, ತಟ್ಟಬಾರದಿತ್ತು. ಇಷ್ಟು ವರ್ಷ ಸಂಸಾರ ಮಾಡಿದ ಈ ಮನುಷ್ಯನ ಮೇಲೆ ನನಗೆ ಅವತ್ತು ಎಷ್ಟು ಪ್ರೀತಿ ಬಂತೆಂದರೆ, ಮನೆಗೆ ಹೋದಮೇಲೆ ಹೇಳಬಾರದು, ತಲೆಗೆ ಏರುತ್ತದೆ ಎಂದು ನಿರ್ಧಾರ ಮಾಡಿದೆ.

ಬಂಡೆಮ್ಮ ಮತ್ತೆ ಕೇಳಿದಳು, ಅಷ್ಟಕ್ಕೂ ಈ ವಯಸ್ಸಿನಲ್ಲಿ ಕಿಟಕಿ ಸೀಟು ಯಾಕೆ ಬೇಕು ಎಂದು. ಈ ಪ್ರಶ್ನೆಯನ್ನು ಯಾವ ಊರಿನಲ್ಲೂ ಯಾರೂ ಕೇಳಿರಲಿಲ್ಲವಂತೆ. ಶಿವಗಂಗಾ ಬಸ್ಸಿನ ಕಿಟಕಿಯ ಕಡೆ ಒಮ್ಮೆ ತಿರುಗಿ ನೋಡಿದಳು, ಈ ಸಲ ನನಗೆ ಭಯವಾಗಲಿಲ್ಲ.

"ನನ್ನ ಲಗ್ನ ಆದಾಗ ನಾ ಸಣ್ಣಾಕಿ ತಂಗಿ. ಬಂಡ್ಯಾಗ ಅವ್ವನ ತೊಡಿ ಮ್ಯಾಲ ನಿದ್ದಿ ಹೊಡದೆ. ಎಚ್ಚರಾದಾಗ ಗಂಡನ ಊರು ಬಂದಿತ್ತು. ನನ್ನ ನಿಬ್ಬಣದ ದಾರಿ ನಾನೇ ನೋಡಿಲ್ಲ. ಮೊಮ್ಮಗಂದರ ನೋಡ್ತೀನಿ ಬಿಡು."

ಮುಂದಿನ ಸಾಲಿನಲ್ಲಿ ಇಬ್ಬರು ಮುದುಕಿಯರು ಕಣ್ಣೊರೆಸಿಕೊಂಡರು. ಗೋಪಿನಾಥರು ಎದ್ದು ಹೋಗಿ, ಬಸ್ಸಿನ ಕಿಟಕಿಯ ಬಳಿ ಹಾಕಿದ್ದ ತಮ್ಮ ಟವಲ್ ತೆಗೆದು, ಬರ್ರಿ ಅಜ್ಜಿ ಎಂದು ಕರೆದರು. ಅವಳು ಹೋಗಿ ಅಲ್ಲಿ ಕೂತಳು. ಬಸ್ಸು ರಿಪೇರಿಯಾಗಿ ಹೊರಟಿತು, ನಾಟಕ ಮುಗಿಯಿತು. ಆ ಕೊನೆಯನ್ನು ನನ್ನ ಗಂಡ ಬರೆದಿರಲಿಲ್ಲ, ಆದರೆ ಅವರು ಬರೆದದ್ದಕ್ಕಿಂತ ಅದು ಚೆನ್ನಾಗಿತ್ತು. ಇದನ್ನು ಅವರೇ ಆಮೇಲೆ ಹೇಳಿದರು, ನಾನು ಹೇಳಿಸಿದ್ದಲ್ಲ.

ಆಟ ಮುಗಿದ ಮೇಲೆ ವೀರಭದ್ರಪ್ಪನವರು ಚಹಾ ತರಿಸಿದರು. ಮಕ್ಕಳು ಸಿಂಹಾಸನಕ್ಕೆ ಹತ್ತಿ ಸ್ಟೇರಿಂಗಿಗಾಗಿ ಕಿತ್ತಾಡುತ್ತಿದ್ದವು. ಶಿವಗಂಗಾ ವಿಗ್ ತೆಗೆದು ಗಾಳಿ ಹಾಕಿಕೊಳ್ಳುತ್ತ ಕುರ್ಚಿಯಲ್ಲಿ ಕುಸಿದು ಕೂತಿದ್ದಳು. ಬಂಡೆಮ್ಮ ಎರಡು ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತಳು. ನಾನೂ ಹತ್ತಿರದಲ್ಲೇ ಬಟ್ಟೆ ಮಡಚುತ್ತಿದ್ದೆ. ಶಿವಗಂಗಾ ಲೋಟ ತೆಗೆದುಕೊಂಡು, ಸದ್ಯ, ಹೇಳಿದ ಹಾಗೆ ಚಂದ್ರವ್ವನನ್ನು ತಂದು ತೋರಿಸಿದೆ ನೋಡು ಎಂದು ಜಂಬ ಕೊಚ್ಚಿದಳು. ಎಷ್ಟು ಬೇಗ ಚೇತರಿಸಿಕೊಂಡಳಪ್ಪಾ ಎನಿಸಿತು ನನಗೆ.

ಬಂಡೆಮ್ಮ ನಿಧಾನವಾಗಿ ಚಹಾ ಊದಿದಳು.

"ಮದಲನೇ ಸಲ ನೀ ಈ ಅಕ್ಕಾರ ಕೂಡ ಬಂದು ಹೇಳಿದ ಕಥ್ಯಾಗ ಮುದುಕಿ ಇದ್ದಿದ್ದಿಲ್ಲ," ಎಂದಳು. "ತೊಗರಿ ಆರಸಾಕತ್ತಿದ್ದೆ, ಕಿವಿ ಇಲ್ಲೇ ಇತ್ತು. ಮುಂದಿನ ವಾರ ಮುದುಕಿನ್ನ ಕರ್ಕೊಂಡು ಬಂದಿ. ಇಲ್ಲೇ ಹುಟ್ಟಿಸ್ಯಾಳ ಅಂತ ನಮಗೆಲ್ಲಾರಿಗೂ ಅವತ್ತೇ ತಿಳೀತು."

ಶಿವಗಂಗಾಳ ಕೈಯಲ್ಲಿನ ಲೋಟ ಹಾಗೇ ನಿಂತಿತು. ಗೊತ್ತಿದ್ದೂ ಯಾಕೆ ಒಪ್ಪಿಕೊಂಡಿರಿ ಎಂದು ಕೇಳಿದ್ದು ನಾನು.

"ಇಕಿ ಸುಳ್ಳು ಹೇಳ್ತಾಳಂತ ನಮಗ ಗೊತ್ತಿಲ್ಲೇನ್ರಿ ಅಕ್ಕಾರ? ಒಮ್ಮೆ, ನಿಮ್ಮ ಊರಿಗೆ ಅಂತನ ನೇಯಿಸೀನಿ ಅಂತ ಒಂದು ಸೀರಿ ಹೇಳಿ ಹೋದಳು. ಅಂಥಾ ಸೀರಿ ಎಲ್ಲೂ ಇದ್ದಿದ್ದಿಲ್ಲ. ಮುಂದಿನ ತಿಂಗಳು ಎಲ್ಲೆಲ್ಲಿ ತಿರಗಿದಳೋ, ಅಂಥಾದ್ದ ಹಿಡಕೊಂಡು ಬಂದಳು. ಮದಲ ಸುಳ್ಳು ಹೇಳ್ತಾಳ, ಆಮ್ಯಾಲ ಅದನ್ನ ಖರೆ ಮಾಡಿ ತಂದು ಕೊಡ್ತಾಳ. ಈ ಮುದುಕಿನ್ನ ಎಲ್ಲಿಂದ ತರ್ತಾಳ, ನೋಡೇ ಬಿಡೂಣು ಅಂದ್ವಿ."

ಶಿವಗಂಗಾ ನಕ್ಕಳು. ನಗುತ್ತ ನಗುತ್ತ ಅತ್ತಳು, ವಿಗ್‌ನಿಂದಲೇ ಕಣ್ಣು ಒರೆಸಿಕೊಂಡಳು. ತೊಳೆದು ಒಣಗಿಸಬೇಕಾದವಳು ನಾನು, ಆದರೂ ಬಾಯಿ ಬಿಡಲಿಲ್ಲ. ಯಾರ ಮುಂದೆ ತನ್ನ ಮಾತು ಸುಳ್ಳಾಗುತ್ತದೆಂದು ಇವಳು ಒಂದು ವಾರ ಊಟ ಬಿಟ್ಟಿದ್ದಳೋ ಆ ಜನ, ಇವಳು ಮಾತು ಉಳಿಸಿಕೊಳ್ಳುತ್ತಾಳೆ ಎಂಬ ನಂಬಿಕೆಯ ಮೇಲೆಯೇ ನಾಟಕ ಕರೆಸಿದ್ದರು. ನಾನು ಕೈಯಲ್ಲಿದ್ದ ಬಟ್ಟೆಯನ್ನು ಒಂದಕ್ಕೆ ಎರಡು ಸಲ ಮಡಚಿದೆ.

ಸ್ವಲ್ಪ ಹೊತ್ತಿಗೆ ಶಿವಗಂಗಾ ಮೂಗು ಒರೆಸಿಕೊಂಡು, ಕುರ್ಚಿಯನ್ನು ಬಂಡೆಮ್ಮನ ಕಡೆ ಎಳೆದುಕೊಂಡಳು. ಮೊಣಕಾಲಿಗೆ ಮೊಣಕಾಲು ತಾಗಿತು. ಬೇರೆ ಹೆಂಗಸರೂ ಸುತ್ತ ಸೇರಿದರು.

"ಮುಂದಿನ ವರ್ಷದ ನಾಟಕ ಇದಕ್ಕಿಂತ ಛಲೋ ಐತಿ," ಎಂದು ಶುರುಮಾಡಿದಳು. "ಒಂದೂರಾಗ ಇಬ್ಬರು ಅಕ್ಕತಂಗೇರು. ಇಬ್ಬರಿಗೂ ಕೂಡಿ ಒಂದ ಎಮ್ಮಿ."

ಮುಂದಿನ ವರ್ಷಕ್ಕೆ ಯಾವ ನಾಟಕವೂ ಇರಲಿಲ್ಲ. ಗೋಪಿನಾಥರು ಒಂದು ಸಾಲನ್ನೂ ಬರೆದಿರಲಿಲ್ಲ, ಬರೆಯುವ ಮಾತೂ ಆಡಿರಲಿಲ್ಲ. ಅವರು ಅರ್ಧ ಬಣ್ಣ ಒರೆಸಿದ ಮುಖದಲ್ಲೇ ಹಿಂದೆ ಬಂದು ನಿಂತಿದ್ದರು, ಎಲ್ಲ ಕೇಳಿಸಿಕೊಂಡಿದ್ದರು. ಈಗ ಸಿಡಿಯುತ್ತಾರೆ ಎಂದು ನಾನು ಎದ್ದೆ. ಅಷ್ಟರಲ್ಲಿ ಶಿವಗಂಗಾಳ ಎಮ್ಮೆ ಹಗ್ಗ ಕಿತ್ತುಕೊಂಡು ನಾರಾಯಣಪೇಟೆಯ ಬಸ್ಸು ಹತ್ತಿತ್ತು, ಅವಳು ಹೆಂಗಸರ ಮುಖ ನೋಡುತ್ತ ಒಂದು ಗಳಿಗೆ ನಿಲ್ಲಿಸಿದಳು.

ಗೋಪಿನಾಥರು ಒಂದು ಕುರ್ಚಿ ಎಳೆದುಕೊಂಡು ಹೆಂಗಸರ ನಡುವೆ ಜಾಗ ಮಾಡಿಕೊಂಡು ಕೂತರು.

"ಮುಂದ?" ಎಂದು ಕೇಳಿದರು.